ಕೆರೆಯ ನೀರು, ಕಡಲಿನ ಆರೋಗ್ಯ



ಕಳೆದ ಶ್ರಾವಣಮಾಸದಲ್ಲಿ ಹೆಸರಘಟ್ಟದ ಸಮೀಪದ ಹಳ್ಳಿಯೊಂದರಲ್ಲಿ, ಸದ್ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವಗೋಷ್ಠಿ ಏರ್ಪಟ್ಟಿತ್ತು. ಪ್ರವಚನ ಮುಗಿದು, ಪ್ರಸಾದವೂ ಆಗಿ ನಾವು ಪಡಸಾಲೆಯಲ್ಲಿ ಕುಳಿತಿದ್ದಾಗ ಆ ಮನೆಯ ಹಿರಿಯ ತಾಯಿಯವರು ಬಂದು ಶರಣೆಂದು ಒಂದು ಪ್ರಶ್ನೆ ಕೇಳಿದರು. “ಬುದ್ಧಿ, ದಿನವೂ ಪೂಜೆಗೆ ಏರಿಸಿದ ಪತ್ರೆ ಹೂವನ್ನು ಒಂದು ಕವರಿನಲ್ಲಿ ಕೂಡಿಟ್ಟು, ವಾರಕ್ಕೊಮ್ಮೆ ಊರಿನ ಕಲ್ಯಾಣಿಗೆ ಬಿಡುತ್ತ ಬಂದಿದ್ದೇನೆ. ನಿರ್ಮಾಲ್ಯವನ್ನು ಕಾಲಿಗೆ ಸಿಗುವ ಜಾಗದಲ್ಲಿ ಹಾಕಬೇಡಿ, ನೀರಿಗೆ ಬಿಡಿ ಎಂದು ಹಿಂದೆ ತಾವೇ ಅಪ್ಪಣೆ ಕೊಡಿಸಿದ್ದಿರಿ. ಈಗ ಮೊಮ್ಮಗಳು ಬೇಡವೆಂದು ಹಟ ಹಿಡಿದಿದ್ದಾಳೆ. ನಾನು ಯಾರ ಮಾತು ಕೇಳಲಿ?”

ನಾವು ಹೆಚ್ಚು ಯೋಚಿಸದೆ, ರೂಢಿಯ ಉತ್ತರವನ್ನೇ ಕೊಟ್ಟೆವು: “ನೀರಿಗೆ ಬಿಡುವುದು ಹಿರಿಯರಿಂದ ಬಂದ ವಾಡಿಕೆ, ತಾಯಿ. ನೀರು ಎಲ್ಲವನ್ನೂ ತನ್ನೊಳಗೆ ಕರಗಿಸಿಕೊಳ್ಳುತ್ತದೆ.” ಕಂಬದ ಮರೆಯಲ್ಲಿ ನಿಂತು ಕೇಳುತ್ತಿದ್ದ ಮೊಮ್ಮಗಳು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿರುವವಳು. ಆಕೆ ವಿನಯದಿಂದಲೇ ಹೇಳಿದಳು: “ಗುರುಗಳೇ, ದಯವಿಟ್ಟು ಒಮ್ಮೆ ಕಲ್ಯಾಣಿಯ ತನಕ ಬಂದು ನೋಡಿ, ಆಮೇಲೆ ಅಪ್ಪಣೆ ಕೊಡಿ.” ಮಗುವಿನ ಮಾತನ್ನು ತೆಗೆದುಹಾಕುವುದು ಸರಿಯಲ್ಲವೆಂದು ನಾವು ಎದ್ದು ಹೊರಟೆವು.

ಆಕೆ ಡಬ್ಬಿಯೊಂದರ ಅಗಲವಾದ ಮುಚ್ಚಳಕ್ಕೆ ನಾಲ್ಕು ಭಾಗವಾಗಿ ಕಪ್ಪು ಬಿಳಿ ಬಣ್ಣ ಬಳಿದು, ನಡುವೆ ಹಗ್ಗ ಕಟ್ಟಿ, ಹಗ್ಗಕ್ಕೆ ಗೇಣುಗೇಣಿಗೆ ಗಂಟು ಹಾಕಿಕೊಂಡಿದ್ದಳು. ಮೆಟ್ಟಿಲ ತುದಿಯಲ್ಲಿ ನಿಂತು ಅದನ್ನು ನೀರಿಗೆ ಇಳಿಬಿಟ್ಟಳು. ಎರಡನೆಯ ಗಂಟು ನೀರು ಮುಟ್ಟುವ ಮೊದಲೇ ಮುಚ್ಚಳ ಕಣ್ಣಿಗೆ ಮರೆಯಾಯಿತು. “ಅಜ್ಜಿ ಮದುವೆಯಾಗಿ ಬಂದಾಗ ಇದರ ತಳದ ಕಲ್ಲು ಕಾಣುತ್ತಿತ್ತಂತೆ” ಎಂದಳು. ತಾಯಿಯವರು ಹೌದೆಂದು ತಲೆಯಾಡಿಸಿದರು. ನೀರಿನ ಅಂಚಿನಲ್ಲಿ ಹಸಿರು ಪಾಚಿ ದಟ್ಟವಾಗಿ ಕಟ್ಟಿತ್ತು. ಅದರ ನಡುವೆ ಬಾಯಿ ಕಟ್ಟಿದ ಕವರುಗಳು ಉಬ್ಬಿ ತೇಲುತ್ತಿದ್ದವು. ಅವುಗಳೊಳಗೆ ಇದ್ದದ್ದು ಶಿವನಿಗೆ ಏರಿಸಿದ ಪತ್ರೆ. ನಮಗೆ ಆ ಹೊತ್ತಿನಲ್ಲಿ ಮಾತು ಹೊರಡಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಆ ಹುಡುಗಿ ಇನ್ನೊಂದು ಮಾತು ಹೇಳಿದಳು. ಆ ಮುಚ್ಚಳದಂತಹ ತಟ್ಟೆಯಿಂದಲೇ ವಿಜ್ಞಾನಿಗಳು ಮಹಾಸಾಗರಗಳ ತಿಳಿತನವನ್ನೂ ಅಳೆದರೆಂದಳು. ಮನೆಗೆ ಬಂದ ಮೇಲೆ ಈ ವಿಷಯವಾಗಿ ಕೆಲವು ತಿಂಗಳು ಓದಿದೆವು, ತಿಳಿದವರನ್ನು ಕೇಳಿದೆವು. ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಕೊನೆಯಲ್ಲಿ ಓದುಗರ ಮುಂದೆ ಒಪ್ಪಿಕೊಳ್ಳಬೇಕಾದ ಒಂದು ಮಾತೂ ಇದೆ.

ಬಿಳಿಯ ತಟ್ಟೆಯ ಕಥೆ

ಆ ತಟ್ಟೆಯನ್ನು ಬಳಕೆಗೆ ತಂದವರು ಇಟಲಿಯ ಆಂಜೆಲೊ ಸೆಕ್ಕಿ ಎಂಬ ವಿದ್ವಾಂಸರು. ಅವರು ಕ್ರೈಸ್ತರ ಜೆಸ್ಯೂಟ್ ಪಂಥದಲ್ಲಿ ದೀಕ್ಷೆ ಪಡೆದ ಪಾದ್ರಿಗಳು, ಜೊತೆಗೆ ಹೆಸರಾಂತ ಖಗೋಳಶಾಸ್ತ್ರಜ್ಞರು. ೧೮೬೫ರಲ್ಲಿ ಪೋಪರ ಹಡಗಿನ ಮೇಲೆ ನಿಂತು, ಮೆಡಿಟರೇನಿಯನ್ ಸಮುದ್ರಕ್ಕೆ ಬಿಳಿಯ ತಟ್ಟೆಗಳನ್ನು ಇಳಿಬಿಟ್ಟು, ಅವು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತವೆಂದು ಬರೆದಿಟ್ಟರು. ಧರ್ಮಪೀಠದ ಸೇವೆಯಲ್ಲಿದ್ದ ಒಬ್ಬ ವಿರಕ್ತರು ನೀರಿನ ತಿಳಿತನವನ್ನು ಅಳೆಯಲು ಹೊರಟರೆಂಬುದು ನಮಗೆ ವಿಶೇಷವಾಗಿ ತೋರಿತು. ಇಂದಿಗೂ ಕೆರೆಗಳಲ್ಲಿ ಕಪ್ಪು ಬಿಳಿಯ ತಟ್ಟೆಯನ್ನೂ ಕಡಲಿನಲ್ಲಿ ಬಿಳಿಯ ತಟ್ಟೆಯನ್ನೂ ಸೆಕ್ಕಿ ತಟ್ಟೆ ಎಂಬ ಹೆಸರಿನಿಂದಲೇ ಬಳಸುತ್ತಾರೆ.

ತಿಳಿತನವನ್ನು ಅಳೆಯುವುದರಿಂದ ಏನು ಪ್ರಯೋಜನವೆಂದು ಕೇಳಬಹುದು. ಬಿಸಿಲು ಎಷ್ಟು ಆಳಕ್ಕೆ ಇಳಿಯುತ್ತದೆಯೋ ಅಷ್ಟು ಆಳದವರೆಗೆ ಮಾತ್ರ ನೀರಿನೊಳಗಿನ ಸಸ್ಯಗಳು ಆಹಾರವನ್ನು ತಯಾರಿಸಬಲ್ಲವು, ಆಮ್ಲಜನಕವನ್ನು ಬಿಡಬಲ್ಲವು. ನೀರು ಕದಡಿದರೆ, ಅಥವಾ ಪಾಚಿ ಮೇಲೆ ಮುಸುಕು ಹಾಕಿದರೆ ಕೆಳಗಿನ ಜೀವಲೋಕ ಕತ್ತಲಾಗುತ್ತದೆ.

ಎರಡನೆಯ ಅಳತೆ ನೀರಿನಲ್ಲಿ ಕರಗಿರುವ ಆಮ್ಲಜನಕದ್ದು. ನಾವು ಗಾಳಿಯಿಂದ ಉಸಿರಾಡುವಂತೆ ಮೀನು, ಸೀಗಡಿ ಮೊದಲಾದ ಜಲಚರಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಉಸಿರಾಡುತ್ತವೆ. ಇಪ್ಪತ್ತೈದು ಡಿಗ್ರಿ ಬಿಸಿಯ ಸಿಹಿನೀರು ಒಂದು ಲೀಟರಿಗೆ ಹೆಚ್ಚೆಂದರೆ ಸುಮಾರು ೮ ಮಿಲಿಗ್ರಾಮಿನಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ನೀರು ಬಿಸಿಯಾದಷ್ಟೂ ಈ ಶಕ್ತಿ ಕುಂದುತ್ತದೆ. ಕೊಳೆಯುವ ವಸ್ತು ನೀರಿಗೆ ಬಿದ್ದರೆ ಅದನ್ನು ಒಡೆಯುವ ಸೂಕ್ಷ್ಮಾಣುಗಳು ಇದೇ ಆಮ್ಲಜನಕವನ್ನು ತಿಂದುಹಾಕುತ್ತವೆ. ಅದು ಮೋರಿಯ ಕೊಳಚೆಯೋ, ಪೂಜೆಯ ಹೂವೋ, ಅಭಿಷೇಕದ ಹಾಲೋ ಎಂಬ ಭೇದ ಸೂಕ್ಷ್ಮಾಣುಗಳಿಗೆ ತಿಳಿಯದು. ಹೀಗೆ ಎಷ್ಟು ಆಮ್ಲಜನಕ ಖರ್ಚಾಗುತ್ತದೆಂಬುದನ್ನೂ ಅಳೆಯುತ್ತಾರೆ. ನೀರಿನ ಮಾದರಿಯನ್ನು ಮುಚ್ಚಿದ ಸೀಸೆಯಲ್ಲಿ ಕತ್ತಲಲ್ಲಿಟ್ಟು, ಕೆಲವು ದಿನಗಳ ನಂತರ ಎಷ್ಟು ಕಡಮೆಯಾಯಿತೆಂದು ನೋಡುತ್ತಾರೆ. ನಮ್ಮ ದೇಶದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದ ಪ್ರಕಾರ, ಜನರು ಇಳಿದು ಸ್ನಾನ ಮಾಡುವ ನೀರಿನಲ್ಲಿ ಲೀಟರಿಗೆ ೫ ಮಿಲಿಗ್ರಾಮಿಗೆ ಕಡಮೆಯಿಲ್ಲದಂತೆ ಆಮ್ಲಜನಕ ಇರಬೇಕು. ಸೂಕ್ಷ್ಮಾಣುಗಳು ತಿನ್ನುವ ಪ್ರಮಾಣ ೩ ಮಿಲಿಗ್ರಾಮನ್ನು ಮೀರಬಾರದು.

ಹೆಸರಘಟ್ಟದಿಂದ ಕಡಲಿಗೆ

ಹೆಸರಘಟ್ಟಕ್ಕೂ ಕಡಲಿಗೂ ಏನು ಸಂಬಂಧವೆಂದು ಓದುಗರಿಗೆ ಅನಿಸಬಹುದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ನದಿಗೆ ಅಡ್ಡಲಾಗಿ ೧೮೯೪ರಲ್ಲಿ ಹೆಸರಘಟ್ಟದ ಜಲಾಶಯ ಸಿದ್ಧವಾಯಿತು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್ ಅವರು. ಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಈ ಯೋಜನೆಯಿಂದ ೧೮೯೬ರಲ್ಲಿ ಬೆಂಗಳೂರಿಗೆ ಕೊಳಾಯಿಯ ನೀರು ಬಂದಿತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ನೀರನ್ನು ಮೇಲೆತ್ತಿ ನಗರದ ಕಡೆಗೆ ಕಳುಹಿಸುತ್ತಿದ್ದವು. ೧೯೨೦ರ ದಶಕದ ಬರಗಾಲದಲ್ಲಿ ಕೆರೆ ಬತ್ತಿತು. ಆಮೇಲೆ ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಕಟ್ಟಿದರು. ಅದು ೧೯೩೩ರಲ್ಲಿ ಪೂರ್ಣಗೊಂಡಿತು. ಹೆಸರಘಟ್ಟದ ಕೆರೆ ಬಹಳ ವರ್ಷ ಒಣಗಿ ನಿಂತು, ೨೦೨೨ರ ಭಾರಿ ಮಳೆಗೆ ತುಂಬಿದಾಗ ಸುತ್ತಮುತ್ತಲ ಜನರು ಏರಿಯ ಮೇಲೆ ನಿಂತು ಕಣ್ತುಂಬ ನೋಡಿದರು.

ಈ ನೀರಿನ ಪಯಣ ಇಲ್ಲಿಗೇ ಮುಗಿಯುವುದಿಲ್ಲ. ಅರ್ಕಾವತಿಯು ತಿಪ್ಪಗೊಂಡನಹಳ್ಳಿ, ರಾಮನಗರಗಳನ್ನು ದಾಟಿ, ಕನಕಪುರದ ಆಚೆಗಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯು ತಮಿಳುನಾಡಿನ ಪೂಂಪುಹಾರಿನ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಹೆಸರಘಟ್ಟದ ಕೋಡಿಯಲ್ಲಿ ಹರಿದ ನೀರಿನ ದಾರಿ ಕೊನೆಗೆ ತಲುಪುವುದು ಕಡಲನ್ನೇ.

ಆ ದಾರಿಯುದ್ದಕ್ಕೂ ನೀರಿಗೆ ಏನೇನು ಸೇರುತ್ತಿದೆ? ಮೇಲ್ಭಾಗದ ದೊಡ್ಡಬಳ್ಳಾಪುರ ಸೀಮೆಯಲ್ಲಿ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಒಳಚರಂಡಿಯ ನೀರೂ ಕಾರ್ಖಾನೆಗಳ ತ್ಯಾಜ್ಯವೂ ಸೇರುತ್ತಿದೆಯೆಂದು ಅಲ್ಲಿನ ಗ್ರಾಮಸ್ಥರು ಹಲವು ವರ್ಷ ಹೋರಾಡುತ್ತ ಬಂದಿದ್ದಾರೆ. ತಿಪ್ಪಗೊಂಡನಹಳ್ಳಿಯಲ್ಲಿ ನೀರು ಕಡಮೆಯಾದದ್ದೂ ಕೆಟ್ಟದ್ದೂ ಕೂಡಿ, ೨೦೧೨ರಲ್ಲಿ ಅಲ್ಲಿಂದ ಬೆಂಗಳೂರಿಗೆ ಬರುತ್ತಿದ್ದ ಪೂರೈಕೆಯನ್ನು ನಿಲ್ಲಿಸಬೇಕಾಯಿತು. ಇನ್ನು ಬೆಂಗಳೂರಿನ ಬಸವನಗುಡಿಯ ಸೀಮೆಯಲ್ಲಿ ಹುಟ್ಟುವ ಹೊಳೆಯ ಹೆಸರು ವೃಷಭಾವತಿ. ವೃಷಭನ ಹೆಸರನ್ನು ಹೊತ್ತ ಆ ಹೊಳೆ ಇಂದು ನಗರದ ಕೊಳಚೆಯನ್ನು ಹೊತ್ತು ಅರ್ಕಾವತಿಗೆ ಸುರಿಯುತ್ತಿದೆ. ನಂದಿಗೆ ಕೈಮುಗಿಯುವ ನಾವೆಲ್ಲರೂ ಇದನ್ನು ನಿತ್ಯವೂ ನೋಡುತ್ತ ಸುಮ್ಮನಿದ್ದೇವೆ.

ಕಡಲನ್ನು ಅಳೆಯುವ ಬಗೆ

ಕೆರೆಯನ್ನು ಏರಿಯ ಮೇಲಿನಿಂದ ನೋಡಬಹುದು. ಭೂಮಿಯ ಮುಕ್ಕಾಲು ಪಾಲಿಗೆ ಸಮೀಪದಷ್ಟನ್ನು ಆವರಿಸಿದ ಕಡಲನ್ನು ನೋಡುವುದು ಹೇಗೆ?

ಮೊದಲ ದೊಡ್ಡ ಪ್ರಯತ್ನ ೧೮೭೨ರಲ್ಲಿ ಇಂಗ್ಲೆಂಡಿನಿಂದ ಹೊರಟ ಚಾಲೆಂಜರ್ ಎಂಬ ಹಡಗಿನದು. ಮೂರೂವರೆ ವರ್ಷ ಲೋಕದ ಕಡಲುಗಳನ್ನು ಸುತ್ತಿ, ಹಗ್ಗಕ್ಕೆ ತೂಕ ಕಟ್ಟಿ ಆಳವನ್ನು ಅಳೆದು, ತಳದ ಕೆಸರನ್ನೂ ಜೀವಿಗಳನ್ನೂ ಎತ್ತಿ, ೧೮೭೬ರಲ್ಲಿ ಅದು ಹಿಂದಿರುಗಿತು. ಅದುವರೆಗೆ ಯಾರೂ ಕಾಣದಿದ್ದ ಸುಮಾರು ೪,೭೦೦ ಜೀವಜಾತಿಗಳು ಆ ಯಾನದಿಂದ ಬೆಳಕಿಗೆ ಬಂದವು. ಅದರ ವರದಿ ಐವತ್ತು ಸಂಪುಟಗಳಷ್ಟಾಯಿತು.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರೂರಿದ್ದು ೧೯೬೦ರ ದಶಕದಲ್ಲಿ. ಹಲವು ದೇಶಗಳು ಕೂಡಿ ಹಿಂದೂ ಮಹಾಸಾಗರವನ್ನು ಪರಿಶೋಧಿಸಿದ ಯಾನದ ತರುವಾಯ, ೧೯೬೬ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ಕೇಂದ್ರ ನಮ್ಮ ಕಾರವಾರದ ನೆರೆಯ ಗೋವೆಯ ದೋನಾಪಾವ್ಲಾದಲ್ಲಿದೆ. ೧೯೯೯ರಲ್ಲಿ ಹೈದರಾಬಾದಿನಲ್ಲಿ ಸಾಗರಮಾಹಿತಿಯ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು. ಸುನಾಮಿಯ ಮುನ್ನೆಚ್ಚರಿಕೆಯನ್ನು ಕೊಡುವುದೂ ಅದೇ ಸಂಸ್ಥೆ. ಮೀನು ಎಲ್ಲಿ ಸೇರಿರಬಹುದೆಂದು ಬೆಸ್ತರಿಗೆ ತಿಳಿಸುವುದೂ ಅದೇ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿಯೂ ಕಾರವಾರದ ಕಡಲಜೀವವಿಜ್ಞಾನ ವಿಭಾಗದಲ್ಲಿಯೂ ಕನ್ನಡ ನಾಡಿನ ಮಕ್ಕಳು ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಸಿಹಿನೀರಿನ ವಿಷಯದಲ್ಲಿ ದೂರ ಹೋಗಬೇಕಾಗಿಲ್ಲ. ಭುವನೇಶ್ವರದ ಬಳಿಯಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರ ಹೆಸರಘಟ್ಟದ ಕೆರೆಯ ಮಗ್ಗುಲಲ್ಲಿಯೇ ಇದೆ.

ಹಡಗಿನಲ್ಲಿ ಹೋದ ವಿಜ್ಞಾನಿಗಳು ಏನು ಮಾಡುತ್ತಾರೆ? ದುಂಡಗಿನ ಚೌಕಟ್ಟಿನ ಸುತ್ತ ಹತ್ತಾರು ಉದ್ದನೆಯ ಸೀಸೆಗಳನ್ನು ಜೋಡಿಸಿ, ನಡುವೆ ಶಾಖ, ಉಪ್ಪಿನಂಶ, ಆಳಗಳನ್ನು ತಿಳಿಯುವ ಉಪಕರಣವನ್ನಿಟ್ಟು, ಉಕ್ಕಿನ ಹಗ್ಗದಿಂದ ಸಾವಿರಾರು ಮೀಟರ್ ಕೆಳಗೆ ಇಳಿಸುತ್ತಾರೆ. ಮೇಲೆತ್ತುವಾಗ ಬೇಕಾದ ಆಳದಲ್ಲಿ ಒಂದೊಂದು ಸೀಸೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಹೀಗೆ ಒಂದೊಂದು ಆಳದ ನೀರೂ ಬೆರಕೆಯಾಗದೆ ಮೇಲೆ ಬರುತ್ತದೆ. ಬಾವಿಗೆ ಇಳಿಸಿದ ಕೊಡ ಮೇಲುನೀರನ್ನೇ ತುಂಬಿಕೊಂಡು ಬರುವುದನ್ನು ಕಂಡವರಿಗೆ ಈ ಜಾಣ್ಮೆಯ ಬೆಲೆ ತಿಳಿಯುತ್ತದೆ. ಬಟ್ಟೆಗಿಂತ ನುಣುಪಾದ ಬಲೆಗಳಿಂದ ಪ್ಲವಕಗಳೆಂಬ ಅತಿಸೂಕ್ಷ್ಮ ಜೀವಿಗಳನ್ನು ಸೋಸುತ್ತಾರೆ. ಇವುಗಳಲ್ಲಿ ಸಸ್ಯಜಾತಿಯವು ಕಣ್ಣಿಗೆ ಕಾಣದಷ್ಟು ಚಿಕ್ಕವು. ಆದರೂ ಭೂಮಿಯ ಮೇಲೆ ಸಸ್ಯವರ್ಗ ಹೊರಬಿಡುವ ಆಮ್ಲಜನಕದ ಹೆಚ್ಚುಕಡಮೆ ಅರ್ಧಪಾಲು ಇವುಗಳದೇ ದಾಸೋಹ.

ಹಡಗು ಎಲ್ಲೆಡೆ ಇರಲಾರದು. ಆದ್ದರಿಂದ ಆಳೆತ್ತರದ ಕೊಳವೆಯಂತಹ ತೇಲುಯಂತ್ರಗಳನ್ನು ಕಡಲಿಗೆ ಬಿಟ್ಟಿದ್ದಾರೆ. ಇವಕ್ಕೆ ಆರ್ಗೊ ಎಂದು ಹೆಸರು. ಒಂದು ಸಾವಿರ ಮೀಟರ್ ಆಳದಲ್ಲಿ ಪ್ರವಾಹದೊಡನೆ ತೇಲುತ್ತವೆ. ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಅಲ್ಲಿಂದ ಮೇಲೇಳುತ್ತ ಶಾಖವನ್ನೂ ಉಪ್ಪಿನಂಶವನ್ನೂ ಅಳೆದು, ನೀರಿನ ಮೇಲೆ ಬಂದು ಉಪಗ್ರಹಕ್ಕೆ ಸುದ್ದಿ ತಿಳಿಸಿ, ಮತ್ತೆ ಮುಳುಗುತ್ತವೆ. ಲೋಕದ ಕಡಲುಗಳಲ್ಲಿ ಇಂತಹವು ಸುಮಾರು ನಾಲ್ಕು ಸಾವಿರ ಇವೆ. ಸಂಖ್ಯೆ ದೊಡ್ಡದಾಗಿ ಕಂಡರೂ ಲೆಕ್ಕ ಹಾಕಿದರೆ ಕರ್ನಾಟಕದ ಅರ್ಧದಷ್ಟು ವಿಸ್ತಾರದ ಕಡಲಿಗೆ ಒಂದೇ ಯಂತ್ರ ಬಂದಂತಾಯಿತು.

ಇನ್ನು ಆಕಾಶದ ಕಣ್ಣು. ಕಡಲಿಲ್ಲದ ನಮ್ಮ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಕಡಲನ್ನೇ ನೋಡುವ ಉಪಗ್ರಹಗಳು ಸಿದ್ಧವಾದವು. ಓಷನ್‌ಸ್ಯಾಟ್ ಎಂಬ ಈ ಸರಣಿಯ ಮೊದಲನೆಯದು ೧೯೯೯ರ ಮೇ ೨೬ರಂದು, ಎರಡನೆಯದು ೨೦೦೯ರಲ್ಲಿ, ಮೂರನೆಯದು ೨೦೨೨ರ ನವೆಂಬರ್ ೨೬ರಂದು ಶ್ರೀಹರಿಕೋಟೆಯಿಂದ ಮೇಲೇರಿದವು. ಇವು ಏಳುನೂರು ಕಿಲೋಮೀಟರಿಗೂ ಮೇಲಿನಿಂದ ಕಡಲಿನ ಬಣ್ಣವನ್ನು ನೋಡುತ್ತವೆ. ಸಸ್ಯಪ್ಲವಕಗಳಲ್ಲಿರುವ ಪತ್ರಹರಿತ್ತು ನೀರಿನ ಬಣ್ಣವನ್ನು ಬದಲಿಸುವುದರಿಂದ, ಎಲ್ಲಿ ಜೀವ ಸಮೃದ್ಧವಾಗಿದೆ, ಎಲ್ಲಿ ಪಾಚಿ ಮಿತಿಮೀರಿದೆ ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ಆ ಕೇಂದ್ರ ಈಗ ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಹೆಸರನ್ನು ಹೊತ್ತಿದೆ. ಉಪಗ್ರಹಗಳ ಜಾಡು ಹಿಡಿಯುವ ಇಸ್ರೋ ಕೇಂದ್ರ ಪೀಣ್ಯದಲ್ಲಿದೆ. ಹೆಸರಘಟ್ಟಕ್ಕೆ ಹೋಗುವ ನಮ್ಮಂಥವರು ದಿನವೂ ಆ ಕಡೆಯಿಂದಲೇ ಹಾದುಹೋಗುತ್ತೇವೆ.

ಕಡಲು ಹೇಳುತ್ತಿರುವುದೇನು

ಇಷ್ಟೆಲ್ಲ ಅಳೆದು ತಿಳಿದದ್ದೇನು? ಮನುಷ್ಯನ ಕೃತ್ಯದಿಂದ ಭೂಮಿಯಲ್ಲಿ ಹೆಚ್ಚಾಗಿ ಉಳಿಯುತ್ತಿರುವ ಶಾಖದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಕಡಲೇ ನುಂಗಿಕೊಂಡಿದೆ. ನಾವು ಸುಡುವ ಕಲ್ಲಿದ್ದಲು, ಪೆಟ್ರೋಲುಗಳಿಂದ ಹೊರಡುವ ಇಂಗಾಲದ ಡೈಆಕ್ಸೈಡಿನ ಸುಮಾರು ಕಾಲುಪಾಲನ್ನೂ ಅದೇ ಹೀರಿಕೊಳ್ಳುತ್ತಿದೆ. ಅದರಿಂದ ಕಡಲಿನ ನೀರಿನ ಆಮ್ಲೀಯತೆ ಕೈಗಾರಿಕಾಯುಗದ ಆರಂಭಕ್ಕಿಂತ ನೂರಕ್ಕೆ ಮೂವತ್ತರ ಸಮೀಪ ಏರಿದೆ. ಚಿಪ್ಪು ಕಟ್ಟುವ ಜೀವಿಗಳಿಗೂ ಹವಳಗಳಿಗೂ ಇದರಿಂದ ಕಷ್ಟ. ಭಟ್ಕಳದ ಆಚೆಗೆ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಇಂತಹ ಹವಳಗಳು ಶಾಖ ಮಿತಿಮೀರಿದಾಗ ಬಣ್ಣ ಕಳೆದುಕೊಂಡು ಬಿಳಚಿಕೊಳ್ಳುತ್ತವೆ.

ನಮ್ಮ ಕರಾವಳಿಯ ಅರಬ್ಬೀ ಸಮುದ್ರದ್ದು ಇನ್ನೊಂದು ವಿಶೇಷ. ಸುಮಾರು ೧೫೦ರಿಂದ ೧,೦೦೦ ಮೀಟರ್ ಆಳದ ನಡುವೆ ಅಲ್ಲಿ ಆಮ್ಲಜನಕ ತೀರ ಕಡಮೆಯಿರುವ ಪದರವೊಂದಿದೆ. ಲೋಕದ ಅತಿದೊಡ್ಡ ಇಂತಹ ಪದರಗಳಲ್ಲಿ ಅದೂ ಒಂದು. ಇದು ಪ್ರಕೃತಿಯೇ ಮಾಡಿಟ್ಟ ವ್ಯವಸ್ಥೆ. ಮುಂಗಾರಿನ ಕಾಲದಲ್ಲಿ ಕೆಳಗಿನ ನೀರು ಕರಾವಳಿಯ ಕಡೆಗೆ ಮೇಲೇರುವಾಗ ಗೊಬ್ಬರದಂತಹ ಪೋಷಕಾಂಶಗಳನ್ನು ತರುತ್ತದೆ. ಬೂತಾಯಿ, ಬಂಗುಡೆಗಳ ಸುಗ್ಗಿಗೆ ಅದೇ ಆಧಾರ. ಅದೇ ಏರುನೀರು ಉಸಿರಿಲ್ಲದ ನೀರನ್ನೂ ತೀರಕ್ಕೆ ತರುತ್ತದೆ. ಅದರ ಮೇಲೆ ನದಿಗಳು ನಗರದ ಕೊಳಚೆಯನ್ನೂ ಹೊಲದ ರಸಗೊಬ್ಬರವನ್ನೂ ತಂದು ಸುರಿದರೆ ಪಾಚಿ ಬೆಳೆಯುತ್ತದೆ. ಆ ಪಾಚಿ ಸತ್ತು ಕೊಳೆತು ಉಳಿದಿದ್ದ ಉಸಿರನ್ನೂ ತಿನ್ನುತ್ತದೆ. ಕಲ್ಯಾಣಿಯಲ್ಲಿ ನಾವು ಕಂಡದ್ದು ಇದೇ ನಿಯಮದ ಚಿಕ್ಕ ರೂಪ. ಮತ್ಸ್ಯಾಹಾರ ನಮ್ಮ ಮನೆಗಳಲ್ಲಿಲ್ಲವೆಂದು ಇದನ್ನು ಅಲಕ್ಷ್ಯ ಮಾಡುವಂತಿಲ್ಲ. ಅದು ಕರಾವಳಿಯ ಲಕ್ಷಾಂತರ ಬಂಧುಗಳ ಕಾಯಕ. ಅವರ ಮಕ್ಕಳ ಅನ್ನ. ದೋಣಿಯ ಕಾಯಕದ ಅಂಬಿಗರ ಚೌಡಯ್ಯನವರನ್ನು ಶರಣರೆಂದು ಪೂಜಿಸುವವರು ನೀರಿನ ಮೇಲೆ ಬದುಕುವವರನ್ನು ಮರೆಯಲಾದೀತೆ?

ಪ್ಲಾಸ್ಟಿಕ್ಕಿನ ಮಾತು ಬೇರೆಯಾಗಿಯೇ ಹೇಳಬೇಕು. ಅದು ಕೊಳೆಯುವುದಿಲ್ಲ, ಬಿಸಿಲಿಗೂ ಅಲೆಗೂ ಚೂರುಚೂರಾಗಿ ಕಣ್ಣಿಗೆ ಕಾಣದಂತಾಗುತ್ತದೆ. ಕಡಲಿನ ಅತ್ಯಂತ ಆಳದ ಕಂದಕಗಳಲ್ಲಿಯೂ ಅದರ ಚೂರುಗಳು ಸಿಕ್ಕಿವೆ. ೨೦೨೫ರ ಮೇ ತಿಂಗಳಲ್ಲಿ ಕೇರಳದ ಕರಾವಳಿಯಾಚೆ ಸರಕುಹಡಗೊಂದು ಮುಳುಗಿದಾಗ ಪ್ಲಾಸ್ಟಿಕ್ ಕಾಳುಗಳು ತೀರಕ್ಕೆ ಬಂದು ಬಿದ್ದದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಹಡಗು ಮುಳುಗುವುದು ಅಪರೂಪ. ನಮ್ಮ ಮನೆಯ ಕವರು ನೀರು ಸೇರುವುದು ವಾರವಾರದ ಮಾತು.

ಕಡಲು ಕೆಟ್ಟರೆ ಹೆಸರಘಟ್ಟಕ್ಕೇನು ಎಂಬುದಕ್ಕೂ ಉತ್ತರವಿದೆ. ಕೆರೆ ತುಂಬುವುದು ಮಳೆಯಿಂದ, ಮಳೆಯ ಮೂಲ ಕಡಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಸಂಗಡಿಗರೊಡನೆ ೧೯೮೪ರಲ್ಲಿ ಪ್ರಕಟಿಸಿದ ಅಧ್ಯಯನವು, ಕಡಲಿನ ಮೇಲ್ಮೈ ಸುಮಾರು ೨೮ ಡಿಗ್ರಿ ಬಿಸಿಯನ್ನು ಮುಟ್ಟಿದ ಮೇಲೆಯೇ ಮಳೆಯ ಮೋಡಗಳ ದೊಡ್ಡ ರಾಶಿಗಳು ಹೆಚ್ಚಾಗಿ ಏಳುತ್ತವೆಂದು ತೋರಿಸಿತು. ಬಂಗಾಳಕೊಲ್ಲಿಗೆ ನದಿಗಳು ತಂದ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲೆ ತೆಳುವಾಗಿ ಹರಡಿ, ಆ ಶಾಖವನ್ನು ಹಿಡಿದಿಡಲು ನೆರವಾಗುತ್ತದೆ. ನಾವು ಕಡಲಿಗೆ ಕಳುಹಿಸುವ ನೀರಿಗೂ ಕಡಲು ನಮಗೆ ಕಳುಹಿಸುವ ಮಳೆಗೂ ಹೀಗೊಂದು ನಂಟಿದೆ.

ಸೂತಕ ಬೇರೆ, ಮಾಲಿನ್ಯ ಬೇರೆ

ಈಗ ನಮ್ಮ ತಪ್ಪೊಪ್ಪಿಗೆಯ ಮಾತು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಿಂದಲೂ ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂಬ ಮಾತನ್ನು ನಾವು ಕೇಳುತ್ತ, ಹೇಳುತ್ತ ಬಂದವರು. ಬಸವಾದಿ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಹುಟ್ಟು, ಸಾವು, ಜಾತಿ, ಎಂಜಲು, ಮುಟ್ಟುಗಳಿಂದ ಯಾರೂ ಅಶುದ್ಧರಾಗುವುದಿಲ್ಲವೆಂದು ಸಾರಿದರು. ಆ ಮಹಾತತ್ತ್ವವನ್ನು ನಾವು ಪ್ರವಚನಗಳಲ್ಲಿ ಎತ್ತಿ ಹೇಳುವಾಗ, ನೀರು ಯಾವುದರಿಂದಲೂ ಕೆಡುವುದಿಲ್ಲವೆಂದು ಅದರ ಜೊತೆಗೇ ಸೇರಿಸಿ ಹೇಳಿದ್ದುಂಟು. ಅದು ತಪ್ಪು. ಸೂತಕವೆಂಬುದು ಮನಸ್ಸು ಕಟ್ಟಿಕೊಂಡ ಭ್ರಮೆ. ಅದನ್ನು ಯಾವ ಉಪಕರಣದಿಂದಲೂ ಅಳೆಯಲಾಗದು. ಮಾಲಿನ್ಯವೆಂಬುದು ಇರುವ ಸಂಗತಿ. ಅದನ್ನು ಗೇಣಿನಲ್ಲಿ ಅಳೆಯಬಹುದು, ಮಿಲಿಗ್ರಾಮಿನಲ್ಲಿ ತೂಗಬಹುದು. ಮೊದಲನೆಯದನ್ನು ಅಲ್ಲಗಳೆದವರು ಎರಡನೆಯದನ್ನೂ ಅಲ್ಲಗಳೆಯಬೇಕಾಗಿಲ್ಲ. ನಲವತ್ತು ವರ್ಷದ ಪ್ರವಚನದಲ್ಲಿ ನಾವು ಈ ಎರಡನ್ನೂ ಬೇರ್ಪಡಿಸಿ ಹೇಳಲಿಲ್ಲ. ನಮ್ಮ ಮಾತನ್ನು ನಂಬಿ ಎಷ್ಟು ಮನೆಗಳ ತಾಯಂದಿರು ಎಷ್ಟು ಕೆರೆಗಳಿಗೆ ಕವರು ಕಟ್ಟಿ ಎಸೆದರೋ ಎಂದು ನೆನೆದರೆ ಮನಸ್ಸು ಕುಗ್ಗುತ್ತದೆ.

ವಿಚಾರ ಮಾಡಿ ನೋಡಿ. ನಮ್ಮ ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ನೀರನ್ನು ಆವರಣವೆಂದು, ರಕ್ಷಣೆಯೆಂದು ಸ್ವೀಕರಿಸಿದ ಧರ್ಮ ನಮ್ಮದು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಜನರಿಗಾಗಿ ಕೆರೆ ಕಟ್ಟಿಸಿದರು. ಕೆರೆ ಕಟ್ಟುವುದರಲ್ಲಿಯೇ ಮುಳುಗಿದ್ದ ಅವರಿಗೆ ಅಲ್ಲಮಪ್ರಭುಗಳು ಅಂತರಂಗದ ಅರಿವಿನ ದಾರಿ ತೋರಿಸಿದರೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಕೆರೆಯನ್ನು ಕೆಡಿಸಬಹುದೆಂದು ಅಲ್ಲಮರು ಹೇಳಲಿಲ್ಲ. ಮಡಿವಾಳ ಮಾಚಯ್ಯನವರ ಕಾಯಕವೂ ನೀರಿನ ಮಡುವಿನಲ್ಲಿಯೇ ನಡೆಯಿತು. ಕಟ್ಟಿದವರ, ಬಳಸಿದವರ ಪರಂಪರೆ ನಮ್ಮದು. ಅದನ್ನು ಕಾಯುವ ಹೊಣೆ ಈ ತಲೆಮಾರಿನದು.

ವಿಜ್ಞಾನಿಗಳ ಪದ್ಧತಿಯಲ್ಲಿ ನಮಗೆ ಹಿಡಿಸಿದ ಒಂದು ಗುಣವಿದೆ. ಅವರು ಅಳೆದು ನೋಡುತ್ತಾರೆ, ಬರೆದಿಡುತ್ತಾರೆ, ಅಳತೆಯು ತಮ್ಮ ಹಿಂದಿನ ಮಾತಿಗೆ ವಿರುದ್ಧವಾಗಿ ನಿಂತರೆ ಮಾತನ್ನು ತಿದ್ದಿಕೊಳ್ಳುತ್ತಾರೆ. ನಡೆ ನುಡಿ ಒಂದಾಗಿರಬೇಕೆಂಬ ಶರಣರ ಮಾತಿಗೆ ಇದು ದೂರವಾದುದಲ್ಲ. ಆದ್ದರಿಂದ ನಾವೂ ನಮ್ಮ ನುಡಿಯನ್ನು ತಿದ್ದಿಕೊಳ್ಳುತ್ತಿದ್ದೇವೆ.

ಓದುಗ ತಾಯಂದಿರಲ್ಲಿ, ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು. ಪೂಜೆಗೆ ಏರಿಸಿದ ಪತ್ರೆ ಹೂವನ್ನು ಇನ್ನು ಮೇಲೆ ಕೆರೆ, ಕಲ್ಯಾಣಿ, ನದಿಗಳಿಗೆ ಬಿಡಬೇಡಿ. ಹಿತ್ತಲಿನಲ್ಲಿ ಯಾರೂ ತುಳಿಯದ ಒಂದು ಮೂಲೆಯಲ್ಲಿ ಮೊಳದುದ್ದದ ಗುಂಡಿ ತೆಗೆದು, ಅಲ್ಲಿ ಹಾಕಿ ಮಣ್ಣು ಮುಚ್ಚಿ. ಪಟ್ಟಣದ ಮನೆಗಳಲ್ಲಿ ದೊಡ್ಡ ಮಣ್ಣಿನ ಕುಂಡವೊಂದು ಸಾಕು. ಕೆಲವು ತಿಂಗಳಲ್ಲಿ ಅದು ಗೊಬ್ಬರವಾಗುತ್ತದೆ. ಅದನ್ನು ಬಿಲ್ವದ ಗಿಡದ ಬುಡಕ್ಕೆ ಹಾಕಿದರೆ ಏರಿಸಿದ ಪತ್ರೆ ಮತ್ತೆ ಪತ್ರೆಯಾಗಿಯೇ ಲಿಂಗದ ಬಳಿಗೆ ಬರುತ್ತದೆ. ನಿರ್ಮಾಲ್ಯಕ್ಕೆ ಇದಕ್ಕಿಂತ ಗೌರವದ ಗತಿ ಯಾವುದಿದೆ? ಇಷ್ಟಲಿಂಗಧಾರಿಗಳಾದ ನಮಗೆ ಮೂರ್ತಿಯನ್ನು ನೀರಿಗೆ ಬಿಡುವ ವಿಧಿಯೇ ಇಲ್ಲ. ಆದರೂ ಬೀದಿಯ ಉತ್ಸವಗಳಲ್ಲಿ ನಮ್ಮ ಮನೆಗಳ ಹುಡುಗರು ಮುಂದಾಳುಗಳಾಗಿ ನಿಲ್ಲುವುದುಂಟು. ಅಂಥವರು ಬಣ್ಣ ಬಳಿದ ಪ್ಲಾಸ್ಟರಿನ ಮೂರ್ತಿಯನ್ನು ತರದೆ, ಹಸಿಮಣ್ಣಿನದನ್ನೇ ತರುವಂತೆ ನೋಡಿಕೊಳ್ಳಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ೨೦೨೦ರಲ್ಲಿ ಪರಿಷ್ಕರಿಸಿದ ನಿಯಮಾವಳಿಯೂ ಇದನ್ನೇ ಹೇಳುತ್ತದೆ.

ಮನೆಯೊಳಗಿನ ಕೆಲಸ ಇಷ್ಟಾದರೆ ಸಾಲದು. ಕೊಳಚೆಯನ್ನು ಶುದ್ಧಮಾಡದೆ ಹೊಳೆಗೆ ಬಿಡುವುದನ್ನು ನಿಲ್ಲಿಸಬೇಕಾದದ್ದು ಸರಕಾರದ, ನಗರಸಭೆಗಳ, ಕಾರ್ಖಾನೆಗಳ ಹೊಣೆ. ಕೇಳಬೇಕಾದವರು ನಾವೆಲ್ಲರೂ. ಕೇಳಿದರೆ ಫಲವಿಲ್ಲವೆಂದೇನೂ ಇಲ್ಲ. ಹೆಸರಘಟ್ಟದ ಕೆರೆಯ ಸುತ್ತಿನ ಹುಲ್ಲುಗಾವಲನ್ನು ಉಳಿಸಬೇಕೆಂದು ಪಕ್ಷಿಪ್ರಿಯರೂ ಪರಿಸರಾಸಕ್ತರೂ ವರ್ಷಗಟ್ಟಲೆ ಬೇಡಿದರು. ೨೦೨೧ರಲ್ಲಿ ನಿರಾಕರಣೆಯ ಉತ್ತರ ಬಂದರೂ ಬಿಡಲಿಲ್ಲ. ೨೦೨೪ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿಗೆ ನೀಡಿತು.

ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಮುನ್ನ ಆ ಹಳ್ಳಿಗೆ ಮತ್ತೊಮ್ಮೆ ಹೋಗಿದ್ದೆವು. ತಾಯಿಯವರನ್ನು ಕಂಡು, “ಅಂದು ನಾವು ಕೊಟ್ಟ ಉತ್ತರ ಸರಿಯಾದುದಲ್ಲ ತಾಯಿ, ಮೊಮ್ಮಗಳ ಮಾತೇ ಸರಿ” ಎಂದೆವು. ಅವರು ನಕ್ಕು, “ಅದಕ್ಕೇನಂತೆ ಬುದ್ಧಿ, ಅವಳು ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು, ನಾನೇ ಅವಳ ಮಾತು ಕೇಳುತ್ತಿದ್ದೇನೆ” ಎಂದು ಹಿತ್ತಲಿಗೆ ಕರೆದೊಯ್ದರು. ಬಿಲ್ವದ ಗಿಡದ ಪಕ್ಕದಲ್ಲಿ ಗುಂಡಿ ತೆಗೆದಿತ್ತು. ಊರಿನ ಹುಡುಗರು ಕೂಡಿ ಕಲ್ಯಾಣಿಯಿಂದ ಕವರುಗಳನ್ನು ಎತ್ತಿಹಾಕಿದ್ದರು. ಹುಡುಗಿ ಅದೇ ಮುಚ್ಚಳವನ್ನು ಮತ್ತೆ ಇಳಿಬಿಟ್ಟು ತೋರಿಸಿದಳು. ಈ ಸಲವೂ ಅದು ಎರಡನೆಯ ಗಂಟಿನ ಬಳಿಯೇ ಮರೆಯಾಯಿತು. ಕೆಟ್ಟ ನೀರು ಒಂದೆರಡು ತಿಂಗಳಿಗೆ ತಿಳಿಯಾಗುವುದಿಲ್ಲವಂತೆ. ತಳದಲ್ಲಿ ಕೂತ ಕೊಳೆ ಕರಗಲು ವರ್ಷಗಳೇ ಬೇಕಂತೆ. ಆದರೆ ಆಕೆ ಅಂದಿನ ತಾರೀಖನ್ನೂ ಅಳತೆಯನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ತಿಂಗಳಿಗೊಮ್ಮೆ ತಪ್ಪದೆ ಬರೆಯುವುದಾಗಿ ಹೇಳಿದಳು.

ನಿಮ್ಮ ಊರಿನ ಕೆರೆಗೂ ಯಾರಾದರೂ ಇಂತಹ ಒಂದು ಪುಸ್ತಕ ಇಡಲಿ.